ಕಳೆಯದೆ ಕುಗ್ಗಿಸುವ ಬಗೆ

ರಿಪ್ಪನ್‌ಪೇಟೆ ಎಂಬ ಹೆಸರನ್ನು ಗಣಕದಲ್ಲಿ ಕನ್ನಡದಲ್ಲಿ ಬರೆದಿಟ್ಟರೆ ಅದು 36 ಬೈಟುಗಳ ಜಾಗ ಹಿಡಿಯುತ್ತದೆ. ರೋಮನ್ ಲಿಪಿಯಲ್ಲಾದರೆ ಹತ್ತರಷ್ಟು ಸಾಕು. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಹಾಗಾದರೆ ಕನ್ನಡ ದುಬಾರಿಯ ಭಾಷೆಯೆ? ಅಲ್ಲವೆಂದೇ ನನ್ನ ಅಭಿಪ್ರಾಯ.

ಆ ಮೂರು ಬೈಟುಗಳಲ್ಲಿ ಮೊದಲನೆಯದು ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ. ಎರಡನೆಯದರಲ್ಲಿ ಇರುವುದು ಎರಡೇ ಬಗೆ. ಹೀಗೆ ಮರುಕಳಿಸುವುದನ್ನು ಮತ್ತೆ ಮತ್ತೆ ಬರೆಯದೆ ಸಂಕೇತದಿಂದ ಸೂಚಿಸುವುದೇ ಸಂಕೋಚನದ ಗುಟ್ಟು. ಅದರಿಂದ ಆ ಹೊರೆಯ ಬಹುಭಾಗ ಇಳಿಯುತ್ತದೆ. ಚಿತ್ರವನ್ನು ಕುಗ್ಗಿಸುವಾಗ ಕಣ್ಣಿಗೆ ಕಾಣದ ವಿವರವನ್ನು ಕೈಬಿಟ್ಟರೂ ನಡೆದೀತು. ಬರಹದಲ್ಲಿ ಅದು ಸಲ್ಲದು. ಒಂದು ಎತ್ವ ಕೂಡಿದರೆ 'ಹಣ'ವು 'ಹೆಣ'ವಾಗುತ್ತದೆ! ಬಿಚ್ಚಿದಾಗ ಮೂಲವು ಒಂದು ಬೈಟೂ ಬದಲಾಗದೆ ಮರಳಬೇಕು.

ಈ ಕೆಲಸಕ್ಕೆ ಹಲವು ಸಲಕರಣೆಗಳಿವೆ. 1992ರಲ್ಲಿ ಬಂದ ಜಿಜಿಪ್, ಲೆಂಪೆಲ್ ಮತ್ತು ಜಿವ್ 1977ರಲ್ಲಿ ತೋರಿಸಿದ ಹಾದಿಯಲ್ಲಿ ನಡೆಯುತ್ತದೆ: ಹಿಂದೆ ಬಂದ ಮಾತು ಮತ್ತೆ ಬಂದರೆ 'ಇಷ್ಟು ಹಿಂದೆ ನೋಡು' ಎನ್ನುತ್ತದೆ. ಆದರೆ ಅದರ ನೆನಪು 32 ಕಿಲೋಬೈಟು ಮಾತ್ರ. ಕನ್ನಡದಲ್ಲಿ ಸುಮಾರು 11 ಸಾವಿರ ಚಿಹ್ನೆಗಳು, ಪುಸ್ತಕದ ಕೆಲವೇ ಪುಟಗಳು. 1996ರ ಬಿಜಿಪ್2 ಒಮ್ಮೆಗೆ 900 ಕಿಲೋಬೈಟಿನವರೆಗೆ ತೆಗೆದುಕೊಂಡು, ಒಂದೇ ಸಂದರ್ಭದ ಅಕ್ಷರಗಳು ಒಟ್ಟಿಗೆ ಬರುವಂತೆ ಜೋಡಿಸುತ್ತದೆ. 2009ರ ಎಕ್ಸ್‌ಜೆಡ್‌ನ ನೆನಪು ಹಲವು ಮೆಗಾಬೈಟುಗಳಷ್ಟು. ಒಂದು ಕಾದಂಬರಿಯೇ ಅದರಲ್ಲಿ ಹಿಡಿಸೀತು. ದೊಡ್ಡ ಗ್ರಂಥರಾಶಿಯನ್ನು ಕಿರಿದಾಗಿಸುವುದರಲ್ಲಿ ಅದು ಸಾಮಾನ್ಯವಾಗಿ ಜಿಜಿಪನ್ನು ಹಿಂದಿಕ್ಕುತ್ತದೆ. ಪ್ರತಿಯಾಗಿ ಹೆಚ್ಚು ಕಾಲವನ್ನೂ ಸ್ಮೃತಿಯನ್ನೂ ಕೇಳುತ್ತದೆ. 2016ರ ಜೆಡ್‌ಸ್ಟ್ಯಾಂಡರ್ಡ್ ಬಿಚ್ಚುವುದರಲ್ಲಿ ಬಲು ಚುರುಕು. ಸಣ್ಣ ಕಡತಗಳಿಗಾಗಿ ಮೊದಲೇ ಸಿದ್ಧಪಡಿಸಿದ ನಿಘಂಟನ್ನೂ ಅದಕ್ಕೆ ಒದಗಿಸಬಹುದು.

ಹೀಗಾಗಿ 'ಯಾವುದು ಉತ್ತಮ' ಎನ್ನುವುದಕ್ಕಿಂತ 'ಯಾವ ಬರಹಕ್ಕೆ' ಎಂದು ಕೇಳುವುದು ಮೇಲು. ಮಳೆಗಾಲದಲ್ಲಿ ಸಂಪರ್ಕ ಕ್ಷೀಣಿಸುವ ನಮ್ಮ ಮಲೆನಾಡಿನಿಂದ ಒಂದು ಲೇಖನವನ್ನು ಕಳುಹಿಸುವವರಿಗೆ ಜಿಜಿಪ್ ಧಾರಾಳವಾಗಿ ಸಾಕು. ಅದನ್ನು ಬಿಚ್ಚಬಲ್ಲ ಗಣಕ ಎಲ್ಲೆಡೆಯೂ ಉಂಟು. ಊರಿನ ಹಾಡು, ಕಥೆ, ಪತ್ರಗಳನ್ನು ಬರೆದಿಟ್ಟು ಕಾಪಾಡುವವರು ಒಂದೊಂದನ್ನೇ ಬೇರೆ ಬೇರೆಯಾಗಿ ಕುಗ್ಗಿಸಬಾರದು. ಹಾಗೆ ಮಾಡಿದರೆ ಪ್ರತಿ ಕಡತದಲ್ಲೂ ಸಲಕರಣೆ ಭಾಷೆಯನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಎಲ್ಲವನ್ನೂ ಒಂದೇ ಕಟ್ಟಾಗಿಸಿ ಎಕ್ಸ್‌ಜೆಡ್‌ಗೆ ಒಪ್ಪಿಸಿದರೆ ಒಂದು ಹಾಡಿನ ಪದ ಇನ್ನೊಂದಕ್ಕೆ ನೆರವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕಟ್ಟು ಕೆಟ್ಟರೆ ಒಳಗಿನದೆಲ್ಲ ಕೈತಪ್ಪಬಹುದು. ಆದ್ದರಿಂದ ಅದರ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.