ಬಂದೂಕಿನ ಒದೆತಕ್ಕೆ ರಬ್ಬರಿನ ಮೆತ್ತೆ: ಆರಿಸುವುದು ಹೇಗೆ, ಕೂಡಿಸುವುದು ಹೇಗೆ?



ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ತೆಂಗಳಿ, ಕಾಳಗಿ, ಸೇಡಂ, ಚಿಂಚೋಳಿ ಕಡೆಯ ಹೊಲಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಹಗಲೆಲ್ಲ ದುಡಿದವರು ಸಂಜೆ ಬುತ್ತಿ ಕಟ್ಟಿಕೊಂಡು, ಕಂಬಳಿ ಹೊದ್ದು ಮಂಚಿಕೆ ಏರಬೇಕು. ಒಂದು ಹಿಂಡು ಕಾಡುಹಂದಿ ನುಗ್ಗಿತೆಂದರೆ ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕು ಕೆಲವರ ಮನೆಯಲ್ಲಿ ಉಂಟು. ಅವರನ್ನು ಕೇಳಿದರೆ ಹೆಚ್ಚಾಗಿ ಬರುವ ದೂರು ಒಂದೇ: "ಭಾಳ ಒದೀತದ."

ಒದೆತವೆಂದರೆ ಬರೀ ಹೆಗಲು ನೋವಿನ ಮಾತಲ್ಲ. ಒಮ್ಮೆ ಜೋರಾಗಿ ಒದೆಸಿಕೊಂಡವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಹೆಗಲನ್ನು ಹಿಂದಕ್ಕೆ ಜಗ್ಗುತ್ತಾನೆ. ಆಗ ನಳಿಗೆ ಎತ್ತ ತಿರುಗಿತೋ ಅವನಿಗೇ ತಿಳಿಯದು. ಬದುವಿನ ಆಚೆ, ಪಕ್ಕದ ಹೊಲದಲ್ಲಿ, ನಿಮ್ಮ ಹಾಗೆಯೇ ಕಂಬಳಿ ಹೊದ್ದು ಇನ್ನೊಬ್ಬ ರೈತ ಕಾವಲು ಕೂತಿರುತ್ತಾನೆ ಎಂಬುದನ್ನು ನೆನಪಿಡಿ. ಆದ್ದರಿಂದ ಒದೆತ ಕಡಿಮೆ ಮಾಡಿಕೊಳ್ಳುವುದು ಸುಖದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಒದೆತ ಎಲ್ಲಿಂದ ಬರುತ್ತದೆ?

ಹನ್ನೆರಡು ಬೋರಿನ ಒಂದು ತೋಟಾದಲ್ಲಿ ಸುಮಾರು 30 ಗ್ರಾಂ ಸೀಸದ ಚರೆ ಇರುತ್ತದೆ. ಅದು ಸೆಕೆಂಡಿಗೆ ಮುನ್ನೂರೈವತ್ತು ಮೀಟರಿಗೂ ಮೀರಿದ ವೇಗದಲ್ಲಿ ಮುಂದೆ ಹೋಗುವಾಗ, ಮೂರು ಕಿಲೋ ತೂಕದ ಬಂದೂಕು ಸೆಕೆಂಡಿಗೆ ನಾಲ್ಕೈದು ಮೀಟರು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಇದು ಹೆಚ್ಚುಕಡಿಮೆ ಸೈಕಲ್ ಓಡುವ ವೇಗ. ಆ ಪೆಟ್ಟನ್ನೆಲ್ಲ ಎರಡು ಬೆರಳಗಲದ ಗಟ್ಟಿ ಪಟ್ಟಿಯೊಂದು ನಿಮ್ಮ ಹೆಗಲಿಗೆ ಕೊಡುತ್ತದೆ.

ಶಹಾಬಾದ ಕಲ್ಲು ಹೊರುವ ಹಮಾಲನನ್ನು ನೋಡಿ. ಹೆಗಲ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡ ಮೇಲೆಯೇ ಅವನು ಕಲ್ಲು ಎತ್ತುವುದು. ಚೀಲದಿಂದ ಕಲ್ಲಿನ ಭಾರವೇನೂ ಕಡಿಮೆಯಾಗದು. ಆದರೆ ಅಂಚು ಚುಚ್ಚುವುದಿಲ್ಲ, ಭಾರ ಹರಡಿಕೊಳ್ಳುತ್ತದೆ. ರಬ್ಬರಿನ ಮೆತ್ತೆಯ ಕೆಲಸವೂ ಇದೇ. ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಒಮ್ಮೆಲೇ ಬಡಿಯದಂತೆ ತುಸು ನಿಧಾನವಾಗಿ ಒಪ್ಪಿಸುತ್ತದೆ.

ಮೆತ್ತೆ ಕೊಳ್ಳುವ ಮೊದಲು ತೋಟಾ ನೋಡಿ

ಕೆಲವು ಸಲ ತಪ್ಪು ಬಂದೂಕಿನದಲ್ಲ, ತೋಟಾದ್ದು. ಹಳೆಯ ಬಂದೂಕುಗಳಲ್ಲಿ ತೋಟಾ ಕೂಡುವ ಮನೆ 65 ಮಿ.ಮೀ. ಇರುತ್ತದೆ, ಹೊಸವುಗಳಲ್ಲಿ 70 ಮಿ.ಮೀ. ಅಳತೆಯನ್ನು ನಳಿಗೆಯ ಮೇಲೆ ಕೆತ್ತಿರುತ್ತಾರೆ. ಎಪ್ಪತ್ತರ ತೋಟಾ ಅರವತ್ತೈದರ ಮನೆಯಲ್ಲೂ ಹೊಕ್ಕುತ್ತದೆ. ಆದರೆ ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒದೆತವೂ ಹೆಚ್ಚು, ನಳಿಗೆಗೂ ಅಪಾಯ. ಅಳತೆ ಗೊತ್ತಿಲ್ಲದಿದ್ದರೆ ಪರವಾನಗಿ ಉಳ್ಳ ಅಂಗಡಿಯವರಿಗೆ ತೋರಿಸಿ.

ಬಾಯಿಂದ ಮದ್ದು ತುಂಬುವ ನಾಡಬಂದೂಕಿನವರಿಗೆ ಇನ್ನೊಂದು ಮಾತು. ಕೈಯಂದಾಜಿನಲ್ಲಿ ಒಂದು ಚಿಟಿಕೆ ಜಾಸ್ತಿ ಮದ್ದು ಹಾಕಿ, "ಸಪ್ಪಳ ಜೋರಾಗಲಿ" ಎನ್ನಬೇಡಿ. ಹೀಗೆ ಬಂದ ಒದೆತಕ್ಕೆ ಯಾವ ಮೆತ್ತೆಯೂ ಮದ್ದಲ್ಲ. ಜೋಡುನಳಿಗೆಯವರು ಎರಡು ಟ್ರಿಗರ್‌ಗಳನ್ನು ಒಟ್ಟಿಗೆ ಎಳೆಯಬಾರದು.

ಎಂಥ ಮೆತ್ತೆ?

ಮೆತ್ತೆಗಳಲ್ಲಿ ಎರಡು ಬಗೆ. ಮೊದಲನೆಯದು ಚೀಲದಂತೆ ಬುಡಕ್ಕೆ ತೊಡಿಸುವಂಥದ್ದು. ರಬ್ಬರಿನದೂ ಉಂಟು, ದಾರ ಬಿಗಿಯುವ ಚರ್ಮದ್ದೂ ಉಂಟು. ಕಟ್ಟಿಗೆ ಕೊಯ್ಯುವ ಕೆಲಸವಿಲ್ಲ, ಬೇಡವೆಂದರೆ ತೆಗೆದಿಡಬಹುದು. ಎರಡನೆಯದು ಬುಡದ ಹಳೆಯ ಪಟ್ಟಿ ತೆಗೆದು ತಿರುಪಿನಿಂದ ಕಾಯಮ್ಮಾಗಿ ಕೂಡಿಸುವಂಥದ್ದು. ಅರ್ಧ ಅಂಗುಲ, ಮುಕ್ಕಾಲು ಅಂಗುಲ, ಒಂದು ಅಂಗುಲ ದಪ್ಪದವು ಸಿಗುತ್ತವೆ.

ನಮ್ಮ ಸಲಹೆ ಹೀಗಿದೆ. ಮೊದಲ ಹಂಗಾಮು ತೊಡಿಸುವ ಮೆತ್ತೆ ಬಳಸಿ ನೋಡಿ. ಒಗ್ಗಿದರೆ ಮುಂದೆ ಕಾಯಂ ಮೆತ್ತೆಯ ವಿಚಾರ ಮಾಡಿ. ಕೊಯ್ದ ಕಟ್ಟಿಗೆಯನ್ನು ಮೊದಲಿನಂತೆ ಮಾಡಲಾಗದು.

ಬೆರಳಿಂದ ಒತ್ತಿ ನೋಡಿ ಕೊಳ್ಳಿ. ತಟ್ಟನೆ ತಳ ಮುಟ್ಟುವಷ್ಟು ಮೆತ್ತಗೆ ಇರಬಾರದು, ಕಲ್ಲಿನಂತೆಯೂ ಇರಬಾರದು. ಮೇಲಿನ ಮೂಲೆ ಗುಂಡಗೆ, ನುಣ್ಣಗೆ ಇರಲಿ. ಜಿಗುಟು ರಬ್ಬರು ಕಂಬಳಿಯ ಎಳೆಗೆ ಸಿಕ್ಕಿಕೊಂಡು ಬಂದೂಕು ಹೆಗಲಿಗೇರುವುದೇ ಇಲ್ಲ. ಚಳಿಯ ಕಾವಲಿಗೆ ಚರ್ಮದ ಹೊದಿಕೆಯ ಮೆತ್ತೆ ಮೇಲು.

ಅಳತೆಯೇ ಮುಖ್ಯ

ಮೆತ್ತೆ ಹಾಕಿದಷ್ಟೂ ಬಂದೂಕಿನ ಬುಡ ಉದ್ದವಾಗುತ್ತದೆ. ಇದನ್ನು ಮರೆತರೆ ಹೊಸ ತೊಂದರೆ. ಬುಡ ಉದ್ದವಾದರೆ ಕಂಕುಳಲ್ಲಿ ಸಿಕ್ಕಿ, ಹೆಗಲ ಗುಳಿ ಬಿಟ್ಟು ತೋಳಿನ ಮೇಲೆ ಕೂತು ಇನ್ನೂ ಹೆಚ್ಚು ನೋವು. ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.

ಮೊದಲು ಬಂದೂಕು ಬಿಚ್ಚಿ, ಎರಡೂ ನಳಿಗೆ ಬರಿದಾಗಿವೆಯೆಂದು ಕಣ್ಣಿಂದ ನೋಡಿ. ಇನ್ನೊಬ್ಬರಿಗೂ ತೋರಿಸಿ. ರಾತ್ರಿ ಕಾವಲಿಗೆ ಏನು ತೊಡುತ್ತೀರೋ ಅದನ್ನೇ ತೊಟ್ಟುಕೊಳ್ಳಿ. ಅಂಗಿಯ ಮೇಲೆ ಅಳತೆ ತೆಗೆದು ಕಂಬಳಿಯ ಮೇಲೆ ಬಳಸಿದರೆ ಲೆಕ್ಕ ತಪ್ಪುತ್ತದೆ. ಬರಿದಾದ ಬಂದೂಕನ್ನು ಹೆಗಲಿಗೆ ಏರಿಸಿ, ಕೆನ್ನೆ ತಾಗಿಸಿ, ಹೆಬ್ಬೆರಳಿಗೂ ಮೂಗಿಗೂ ನಡುವಿನ ಜಾಗ ನೋಡಿ. ಎರಡು ಬೆರಳು ಹಿಡಿಯುವಷ್ಟಿದ್ದರೆ ಸರಿ. ಒಂದೇ ಬೆರಳಿನಷ್ಟಿದ್ದರೆ ಅರ್ಧ ಅಂಗುಲದ ಮೆತ್ತೆಯನ್ನು ಕೊಯ್ಯದೆಯೇ ಸೇರಿಸಬಹುದು.

ಮುಂದಿನ ಟ್ರಿಗರ್‌ನಿಂದ ಬುಡದ ನಡುವಿನವರೆಗೆ ಅಳೆದದ್ದೇ ಬುಡದ ಉದ್ದ. ಸಾಮಾನ್ಯವಾಗಿ 14 ಅಂಗುಲದ ಆಸುಪಾಸು ಇರುತ್ತದೆ. ಒಂದು ಉದಾಹರಣೆ ನೋಡಿ. ಹಳೆಯ ಪಟ್ಟಿ ತೆಗೆದ ಮೇಲೆ ಕಟ್ಟಿಗೆ 14¼ ಅಂಗುಲ ಇದೆ. ನಿಮಗೆ ಹೊಂದುವ ಉದ್ದ 14. ಕೂಡಿಸುವ ಮೆತ್ತೆ 1 ಅಂಗುಲ. ಅಂದರೆ ಕಟ್ಟಿಗೆ 13 ಉಳಿಯಬೇಕು. 1¼ ಅಂಗುಲ ಕೊಯ್ಯಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು, ಎರಡು ಸಲ ಅಳೆದು ಆಮೇಲೆ ಗರಗಸ ಹಿಡಿಸಿ.

ಯಾರ ಕೈಯಲ್ಲಿ ಮಾಡಿಸಬೇಕು?

ಊರ ಬಡಿಗ ಎಷ್ಟೇ ಕುಶಲನಿರಲಿ, ಬಂದೂಕನ್ನು ಅವನ ಮನೆಯಲ್ಲಿ ಬಿಟ್ಟು ಬರಬೇಡಿ. 1959ರ ಶಸ್ತ್ರ ಕಾಯ್ದೆಯಂತೆ ಬಂದೂಕು ದುರಸ್ತಿಯ ಕಸುಬಿಗೆ ಬೇರೆ ಪರವಾನಗಿ ಬೇಕು. ಅಂಥ ಪರವಾನಗಿ ಇರುವವರಲ್ಲಿಗೇ ಒಯ್ಯಿರಿ. ನೀವೇ ಹೋಗಲಾಗದಿದ್ದರೆ ಒಯ್ಯುವವನ ಕೈಯಲ್ಲಿ ನಿಮ್ಮ ಲಿಖಿತ ಒಪ್ಪಿಗೆ ಇರಲೇಬೇಕು.

ಸಾಧ್ಯವಾದರೆ ಎದುರಿಗೆ ನಿಂತು ಮಾಡಿಸಿ. ಈ ಅಂಶಗಳನ್ನು ಗಮನಿಸಿ:

1. ಕೊಯ್ಯುವ ಗೆರೆಯ ಸುತ್ತ ಅಂಟುಪಟ್ಟಿ ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಬೇಕು. ಇಲ್ಲವಾದರೆ ಕಟ್ಟಿಗೆಯ ಅಂಚು ಸಿಗಿಯುತ್ತದೆ.

2. ಬುಡದ ಹಳೆಯ ಓರೆ ಹೇಗಿತ್ತೋ ಹಾಗೆಯೇ ಉಳಿಯಬೇಕು. ಓರೆ ಬದಲಾದರೆ ಗುರಿ ಮೇಲೆ ಕೆಳಗೆ ಆಗುತ್ತದೆ.

3. ಕೆಲವು ಬಂದೂಕುಗಳಲ್ಲಿ ಕಟ್ಟಿಗೆಯನ್ನು ಹಿಡಿದ ಉದ್ದನೆಯ ಬೋಲ್ಟು ಬುಡದ ಒಳಗೇ ಇರುತ್ತದೆ. ಹೊಸ ತೂತು ಕೊರೆಯುವಾಗ ಅದಕ್ಕೆ ತಾಗಬಾರದು.

4. ಹಳೆಯ ತಿರುಪಿನ ತೂತಿಗೆ ಕಟ್ಟಿಗೆಯ ಗೂಟ ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಹೊಸ ತೂತು ಹಾಕಬೇಕು.

5. ಕೊಯ್ದ ಮೈಗೆ ಅಗಸೆ ಎಣ್ಣೆ ಅಥವಾ ವಾರ್ನಿಷ್ ಕುಡಿಸಬೇಕು. ಬಿಟ್ಟರೆ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ.

6. ಮೆತ್ತೆಯ ಅಂಚನ್ನು ಕಟ್ಟಿಗೆಯ ಮಟ್ಟಕ್ಕೆ ಉಜ್ಜುವಾಗ ಕಟ್ಟಿಗೆಗೆ ಗೀರು ಬೀಳದಂತೆ ಪಟ್ಟಿ ಸುತ್ತಿರಬೇಕು.

ಕೆಲಸ ಮುಗಿದ ಮೇಲೆ ಬೆರಳಾಡಿಸಿ ನೋಡಿ. ಕಟ್ಟಿಗೆಗೂ ಮೆತ್ತೆಗೂ ನಡುವೆ ಉಗುರು ಹೊಕ್ಕಬಾರದು.

ಜೋಪಾನ

ನಮ್ಮ ಕಡೆಯ ಬೇಸಿಗೆ ರಬ್ಬರಿಗೆ ಶತ್ರು. ತಗಡಿನ ಕೆಳಗೆ, ಬಿಸಿಲು ಬೀಳುವ ಗೋಡೆಗೆ ಬಂದೂಕು ಇಡಬೇಡಿ. ನಳಿಗೆಗೆ ಹಚ್ಚಿದ ಎಣ್ಣೆ ಇಳಿದು ಮೆತ್ತೆಗೆ ತಾಗಿದರೆ ರಬ್ಬರು ಜಿಗುಟಾಗಿ ಕರಗುತ್ತದೆ. ಮೆತ್ತೆಯ ಮೇಲೆ ಭಾರ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಅದು ಚಪ್ಪಟೆಯಾಗುತ್ತದೆ. ಚುನಾವಣೆ ಕಾಲಕ್ಕೆ ಜಮಾ ಮಾಡಿದ ಬಂದೂಕು ಮರಳಿ ತಂದಾಗ ಮೊದಲು ಮೆತ್ತೆಯನ್ನು ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಕಾನೂನಿನ ಮಾತು

ಮೆತ್ತೆ ಹಾಕಿಸಿದ ಮಾತ್ರಕ್ಕೆ ಬೇಟೆಗೆ ಅಪ್ಪಣೆ ಸಿಕ್ಕಿತೆಂದು ತಿಳಿಯಬೇಡಿ. ಬೆಳೆ ರಕ್ಷಣೆಯ ಪರವಾನಗಿ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಅದನ್ನು ಕೊಲ್ಲುವುದು ಅಪರಾಧ. ಕೃಷ್ಣಮೃಗವಂತೂ ಮೊದಲನೆಯ ಅನುಸೂಚಿಯದು. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿಯೇ ಇಲ್ಲ. ಚಿಂಚೋಳಿ ಕಡೆ 2011ರಿಂದ ವನ್ಯಜೀವಿಧಾಮವೂ ಇದೆ. ಅದರ ಅಂಚಿನ ರೈತರು ಇನ್ನಷ್ಟು ಎಚ್ಚರದಿಂದಿರಬೇಕು. ಬೆಳೆ ಹಾನಿಯಾದರೆ ಕೂಡಲೇ ಫೋಟೋ ತೆಗೆಸಿ, ಪಹಣಿಯೊಂದಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಕಡೆಯ ಮಾತು. ಸಪ್ಪಳ ಕೇಳಿದ ಕಡೆಗೆ, ತೊಗರಿ ಅಲ್ಲಾಡಿದ ಕಡೆಗೆ ಬಂದೂಕು ತಿರುಗಿಸಬೇಡಿ. ಮೊದಲು ಕೂಗಿ, ಬ್ಯಾಟರಿ ಬಿಡಿ. ಪಕ್ಕದ ಹೊಲದವರು ಎಲ್ಲಿ ಕೂತಿದ್ದಾರೆಂದು ಸಂಜೆಯೇ ಮಾತಾಡಿಕೊಳ್ಳಿ. ಹೆಗಲಿಗೆ ಮೆತ್ತೆ ಇದ್ದವನು ಕಣ್ಣು ತೆರೆದಿರುತ್ತಾನೆ. ಕಣ್ಣು ತೆರೆದವನ ಕೈಯಲ್ಲಿ ಬೆಳೆಯೂ ಉಳಿಯುತ್ತದೆ, ನೆರೆಯವನೂ ಉಳಿಯುತ್ತಾನೆ.