ಹಿರಿಯರ ಬೇಸಾಯದ ಅನುಭವ ರೆಕಾರ್ಡ್ ಮಾಡಿಡಿ

ಮುಂಗಾರು ಕೆಲಸ ಶುರುವಾಗುವ ಮುಂಚೆ, ಮಧ್ಯಾಹ್ನದ ಬಿಡುವಿನಲ್ಲಿ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ಮನೆಯ ಹಿರಿಯರ ಬೇಸಾಯದ ಅನುಭವವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ನಾಟಿ ಬೀಜ ಒಂದು ಹಿಡಿ ಎಲ್ಲಾದರೂ ಸಿಗಬಹುದು. ಆದರೆ ಯಾವ ಮಳೆಗೆ ಬಿತ್ತಬೇಕು, ಯಾವ ಮಣ್ಣಿಗೆ ಒಗ್ಗುತ್ತೆ ಅನ್ನೋದು ಬಿತ್ತಿದವರಿಗೇ ಗೊತ್ತು.

ಎರಡು ವರ್ಷದಿಂದ ನಮ್ಮೂರಿನ ಹಿರಿಯರನ್ನು ಮಾತಾಡಿಸುತ್ತಾ ನಾನು ಕಲಿತದ್ದು ಇಷ್ಟು.

ಪ್ರಶ್ನೆ ಹೊಲದ ಮೇಲಿರಲಿ

"ಆಗಿನ ಬೇಸಾಯ ಹೇಗಿತ್ತು?" ಅಂದ್ರೆ "ಚೆನ್ನಾಗಿತ್ತಪ್ಪ" ಅಂತ ಮುಗಿಸಿಬಿಡ್ತಾರೆ. "ಎಷ್ಟು ಸಾಲು ರಾಗಿಗೆ ಒಂದು ಅಕ್ಕಡಿ? ಅದಕ್ಕೆ ಏನೇನು ಹಾಕ್ತಿದ್ರಿ?" ಅಂತ ಕೇಳಿ. ನಮ್ಮ ದೊಡ್ಡಮ್ಮ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಅಂತ ಬೆರಳು ಮಡಚಿ ಎಣಿಸಿದರು. ಆಮೇಲೆ ತಾವಾಗೇ, "ಮಳೆ ಕೈಕೊಟ್ಟು ರಾಗಿ ಹೋದ ವರ್ಷ ಅವರೇನೇ ನಮ್ಮನ್ನ ಉಳಿಸ್ತು ಕಣಪ್ಪ" ಅಂದರು. ಹೋದ ಸುಗ್ಗಿಯಲ್ಲಿ ಅವರು ತೀರಿಕೊಂಡರು. ಅವರು ಹೇಳಿದ ಸಾಲಿನ ಲೆಕ್ಕದಲ್ಲೇ ಈ ಸಲ ಅಕ್ಕಡಿ ಹಾಕುತ್ತಿದ್ದೇವೆ.

ಇಸವಿ, ಅಳತೆ

ಇಸವಿ ಕೇಳಿದರೆ ತಡವರಿಸುತ್ತಾರೆ. ಲಕ್ಷ್ಮಣಯ್ಯನವರು ಭಾರತ, ಆಫ್ರಿಕಾದ ರಾಗಿಗಳನ್ನು ಸೇರಿಸಿ ತಂದ ಇಂಡಾಫ್ ಎಲ್ಲರಿಗೂ ನೆನಪಿದೆ. "ಇಂಡಾಫ್‌ಗೆ ಮುಂಚೇನಾ, ಆಮೇಲಾ?" ಅಂದರೆ ಕಾಲ ಗೊತ್ತಾಗುತ್ತೆ. ಸೇರು, ಕೊಳಗ, ಖಂಡುಗದ ಲೆಕ್ಕ ಊರಿಂದೂರಿಗೆ ಬೇರೆ. ಕೊಳಗಕ್ಕೆ ಎಷ್ಟು ಸೇರು ಅಂತ ಅಲ್ಲೇ ಕೇಳಿಕೊಳ್ಳಿ.

ಹೆಂಗಸರನ್ನು ಬಿಡಬೇಡಿ

ಬೀಜ ಆರಿಸಿ, ಬೂದಿ ಬೆರೆಸಿ ಎತ್ತಿಡುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಗಂಡಸರು ಎದುರಿಗಿದ್ದರೆ ಅವರೇ ಉತ್ತರ ಕೊಟ್ಟುಬಿಡುತ್ತಾರೆ. ಅಜ್ಜಿಯರನ್ನು ಬೇರೆ ಹೊತ್ತಲ್ಲಿ ಮಾತಾಡಿಸಿ.

ರೆಕಾರ್ಡಿಂಗ್ ಹೀಗೆ

• ಮೊದಲು ಒಪ್ಪಿಗೆ ಕೇಳಿ. ಸಾಲ, ಜಮೀನಿನ ವ್ಯಾಜ್ಯದ ಮಾತು ಬಂದು "ಇದು ಬೇಡ" ಅಂದರೆ ಅಲ್ಲೇ ನಿಲ್ಲಿಸಿ.
• ಫ್ಯಾನ್, ಟಿವಿ ಆರಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಅವರ ಹತ್ತಿರ ಇಡಿ.
• ಶುರುವಿನಲ್ಲೇ ಅವರ ಹೆಸರು, ಊರು, ತಾರೀಖು ಹೇಳಿ.
• ಅವರು ಸುಮ್ಮನಾದರೆ ಸ್ವಲ್ಪ ಕಾಯಿರಿ. ಒಳ್ಳೆಯ ಮಾತು ಆಮೇಲೆ ಬರುತ್ತೆ.
• ಅವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಅಂತ ಪುಸ್ತಕದಲ್ಲಿ ಬರೆದಿಡಿ.

ಇನ್ನೊಂದು ಉಪಯೋಗವೂ ಇದೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಅಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಅದನ್ನು ಯಾರು, ಎಲ್ಲಿ, ಯಾವಾಗಿನಿಂದ ಬೆಳೆದರು ಎಂಬ ಮಾಹಿತಿ ಆಗ ಕೈಯಲ್ಲಿದ್ದರೆ ಒಳ್ಳೆಯದು.

ಈ ವಾರ ಒಬ್ಬರನ್ನು, ಒಂದೇ ಬೆಳೆಯ ಬಗ್ಗೆ, ಅರ್ಧ ಗಂಟೆ ಮಾತಾಡಿಸಿ. ಅಷ್ಟು ಸಾಕು.