ಮಂಜುಗಡ್ಡೆಯ ವ್ಯಾಗನ್ನು

ತುಮಕೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಹಳಗನ್ನಡ ಕಾವ್ಯಗಳ ಎರಡು ಬೀರುಗಳ ನಡುವೆ ಒಂದು ರೈಲು ನಿಲ್ದಾಣವಿದೆ. ಉದ್ದ ಆರಡಿ, ಅಗಲ ಒಂದೂವರೆ ಅಡಿ. ಅದರಲ್ಲಿ ಒಂದು ಪ್ಲಾಟ್‌ಫಾರಂ, ಒಂದು ಹುಣಿಸೆಮರ, ಒಂದು ಸೈಡಿಂಗು, ಎಂಟು ಗೂಡ್ಸ್ ವ್ಯಾಗನ್ನುಗಳು. ನಲವತ್ತು ದಾಟಿದವನು, ಕುಣಿಗಲಿನ ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳಿ ಜೀವಿಸುವವನು, ಆಟಿಕೆಯ ಗಾಡಿಯನ್ನು ಮುಂದಿಟ್ಟುಕೊಂಡು ಕೂರುತ್ತಾನೆಂದರೆ ಓದುಗರಿಗೆ ನಗು ಬಂದೀತು. ನನ್ನ ಮನೆಯಾಕೆ ನಗಬೇಕಾದಷ್ಟನ್ನೂ ನಕ್ಕು ಮುಗಿಸಿ ಈಗ ಸುಮ್ಮನಾಗಿದ್ದಾಳೆ. ಇದು ಆಟಿಕೆಯಲ್ಲವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆ ಎಂಟನೆಯ ವ್ಯಾಗನ್ನಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕಾಗಿದೆ, ಅಷ್ಟೆ.

ಮೊದಲು ಅಳತೆಯ ಲೆಕ್ಕ. ಈ ಹವ್ಯಾಸದವರಲ್ಲಿ ಎಚ್‌ಓ ಎಂಬ ಪ್ರಮಾಣ ಹೆಚ್ಚು ರೂಢಿಯಲ್ಲಿದೆ: ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು, ಎಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರು. ಹಾಗೆ ಕುಗ್ಗಿಸಿದರೆ ನಮ್ಮ ಹಳೆಯ ಮೀಟರ್ ಗೇಜಿನ ಕಂಬಿಗಳ ನಡುವಿನ ಅಂತರ 12 ಮಿಲಿಮೀಟರಿಗೆ ತುಸು ಕಡಮೆ. ಬೆಂಗಳೂರಿನಿಂದ ಹೊರಟ ಆ ಕಂಬಿ ತುಮಕೂರನ್ನು ಮುಟ್ಟಿದ್ದು 1884ರಲ್ಲಿ. ಮುಂದೆ ಚಂದಣ್ಣನವರಿಂದ ವೀರಣ್ಣನವರವರೆಗೆ ಬೆಳೆದ ಗುಬ್ಬಿಯ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಹರಿಹರದವರೆಗೆ ದಾರಿ ತೆರೆದದ್ದು 1889ರಲ್ಲಿ. 1990ರ ದಶಕದಲ್ಲಿ ಬ್ರಾಡ್ ಗೇಜು ಬಂದು ಆ ಕಿರುದಾರಿಯನ್ನು ಅಳಿಸಿಹಾಕಿತು. ನನ್ನ ಬಾಲ್ಯದ ಗಾಡಿ ಅದೇ ಆದ್ದರಿಂದ ನಾನು ಕಟ್ಟುವುದೂ ಅದನ್ನೇ. ಇದಕ್ಕೆ ಬೇಕಾದ ಸಾಮಗ್ರಿ ತುಮಕೂರಿನ ಯಾವ ಅಂಗಡಿಯಲ್ಲೂ ಸಿಕ್ಕದು. ಗಾಲಿಗಳು ಮಾತ್ರ ಹೊರದೇಶದಿಂದ ಬರುತ್ತವೆ. ಗೋಡೆಗೆ ಲಗ್ನಪತ್ರಿಕೆಯ ದಪ್ಪ ಕಾಗದ, ಕೈಹಿಡಿಗೆ ತಂಬೂರಿಯ ತಂತಿ, ಚೌಕಟ್ಟಿಗೆ ಊದುಬತ್ತಿಯ ಕಡ್ಡಿ. ಶ್ರೀಮಂತರ ಮನೆಯ ಮದುವೆಗಳ ಉಪಕಾರ ನನ್ನ ಗೂಡ್ಸ್ ಗಾಡಿಯ ಮೇಲೆ ಬಹಳವಾಗಿದೆ.

ಮೂರು ವರ್ಷದ ಕೆಳಗೆ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪೆಟ್ಟಿಗೆಯನ್ನು ಕಳುಹಿಸಿದ. ಒಳಗೆ, ಜೋಡಿಸಿಕೊಳ್ಳಬೇಕಾದ ಬಿಡಿಭಾಗಗಳ ರೂಪದಲ್ಲಿ, ಕಿತ್ತಳೆ ಬಣ್ಣದ ಒಂದು ವ್ಯಾಗನ್ನು. ಅಲ್ಲಿಯ ಎರಡು ದೊಡ್ಡ ರೈಲ್ವೆ ಕಂಪನಿಗಳು ಸೇರಿ 1906ರಲ್ಲಿ ಸ್ಥಾಪಿಸಿದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬ ಸಂಸ್ಥೆಯ ಶೀತಲ ವ್ಯಾಗನ್ನಿನ ಪ್ರತಿಕೃತಿ ಅದು. ಕ್ಯಾಲಿಫೋರ್ನಿಯದ ಹಣ್ಣುಹಂಪಲು ಮರುಭೂಮಿಯನ್ನು ದಾಟಿ, ಇಡೀ ಖಂಡವನ್ನು ಹಾದು, ನ್ಯೂಯಾರ್ಕಿನ ಸಂತೆಯನ್ನು ಸೇರುತ್ತಿದ್ದುದು ಇಂಥ ಬಂಡಿಗಳಲ್ಲಿ.

ಅದನ್ನು ಜೋಡಿಸುತ್ತ ಹೋದಂತೆ ಅದರ ಸರಳತೆಗೆ ಬೆರಗಾದೆ. ಎರಡು ತುದಿಗಳಲ್ಲೂ ಮಂಜುಗಡ್ಡೆಯ ಗೂಡು. ಗೂಡಿನ ನೆತ್ತಿಗೆ ಸರಿಯಾಗಿ ಮಾಡಿನ ಮೇಲೆ ಮುಚ್ಚಳಗಳು. ಗೋಡೆ ಇಬ್ಬದಿಯದು, ನಡುವೆ ಸೆಕೆ ತಡೆಯುವ ಪದರ. ತಣಿದ ಗಾಳಿ ಭಾರವಾಗಿ ಕೆಳಗಿಳಿದು, ನೆಲದ ಅಟ್ಟಣೆಯ ಅಡಿಯಲ್ಲಿ ಹರಿದು, ಹಣ್ಣಿನ ಪೆಟ್ಟಿಗೆಗಳ ಕಾವನ್ನು ಹೀರಿ ಮೇಲೆದ್ದು ಮತ್ತೆ ಗೂಡಿಗೆ ಮರಳುತ್ತದೆ. ಯಂತ್ರದ ಸೋಂಕಿಲ್ಲ. ಮಾಂಸದ ಸಾಗಾಣಿಕೆಯಾದರೆ ಮಂಜಿನೊಡನೆ ಉಪ್ಪನ್ನು ಬೆರೆಸಿ ಇನ್ನಷ್ಟು ತಣಿಸುತ್ತಿದ್ದರು. ಷಿಕಾಗೋದ ಮಾಂಸದ ವ್ಯಾಪಾರಿ ಗಸ್ಟಾವಸ್ ಸ್ವಿಫ್ಟ್, ಆಂಡ್ರ್ಯೂ ಚೇಸ್ ಎಂಬ ಎಂಜಿನಿಯರಿನಿಂದ 1870ರ ದಶಕದ ಕೊನೆಯಲ್ಲಿ ಇಂಥ ವ್ಯಾಗನ್ನನ್ನು ಮಾಡಿಸಿಯೇ ದೊಡ್ಡ ಶ್ರೀಮಂತನಾದದ್ದು. ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಕಟ್ಟೆಗಳಿರುತ್ತಿದ್ದುವು. ಗಾಡಿ ನಿಂತೊಡನೆ ಆಳುಗಳು ಮಾಡಿನ ಮೇಲೆ ನಡೆದು, ಮುಚ್ಚಳಗಳನ್ನೆತ್ತಿ, ಗಡ್ಡೆಗಳನ್ನು ಒಳಕ್ಕೆ ತಳ್ಳುತ್ತಿದ್ದರು. ಬಾಗಿಲ ಮುದ್ರೆಯನ್ನು ಮುಟ್ಟುವ ಪ್ರಮೇಯವೇ ಇರಲಿಲ್ಲ. ಈ ಕಡೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಎಲ್ಲ ಬಂಡಿಗಳೂ ಸುಖವಾಗಿ ಊರು ಸೇರುತ್ತಿರಲಿಲ್ಲ. ಸ್ಟೈನ್‌ಬೆಕ್ಕನ ‘ಈಸ್ಟ್ ಆಫ್ ಈಡನ್’ (1952) ಕಾದಂಬರಿಯಲ್ಲಿ ಆಡಮ್ ಟ್ರಾಸ್ಕ್ ಎಂಬವನು ಲೆಟ್ಯೂಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿಟ್ಟು ನ್ಯೂಯಾರ್ಕಿಗೆ ಕಳುಹಿಸುತ್ತಾನೆ. ದಾರಿಯಲ್ಲಿ ಹಿಮ ಕುಸಿದು ಗಾಡಿ ತಡೆಯುತ್ತದೆ. ಆಮೇಲೆ ಅಕಾಲದ ಸೆಕೆ. ಮುಟ್ಟಬೇಕಾದಲ್ಲಿಗೆ ಮುಟ್ಟುವ ಹೊತ್ತಿಗೆ ಸೊಪ್ಪೆಲ್ಲ ಕೊಳೆತು ಲೋಳೆಯಾಗಿರುತ್ತದೆ. ಈ ಪ್ರಕರಣವನ್ನು ನಾನು ವಿದ್ಯಾರ್ಥಿದೆಸೆಯಲ್ಲಿ ಓದಿ ಮರೆತಿದ್ದೆ. ಮತ್ತೆ ನೆನಪಾದದ್ದು ಗುಬ್ಬಿಯ ಮನೆಯಲ್ಲಿ.

ನನ್ನ ತಂದೆಯವರು ರೈಲ್ವೆಯಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದವರು. ಎಂಬತ್ತು ದಾಟಿದೆ, ಗುಬ್ಬಿಯ ಹಳೆಯ ಮನೆಯನ್ನು ಬಿಟ್ಟು ಬರಲೊಲ್ಲರು. ಕಿತ್ತಳೆ ವ್ಯಾಗನ್ನನ್ನು ಅವರ ಅಂಗೈಯಲ್ಲಿಟ್ಟು, ಮುಚ್ಚಳಗಳನ್ನು ತೋರಿಸಿ, ಎಲ್ಲವನ್ನೂ ವಿವರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

“ಇಂಥಾದ್ದೇ ಒಂದು ನಮ್ಮ ಸ್ಟೇಷನ್ನಲ್ಲಿ ನಿಂತಿತ್ತು ಕಣೋ,” ಎಂದರು. “ಮಂಗಳೂರು ಕಡೆ ಮೀನು. ಹಾಟ್ ಆಕ್ಸಲ್ ಆಗಿ ಸೈಡಿಂಗಿಗೆ ತಳ್ಳಿದ್ರು. ಎರಡು ದಿವಸ. ಮೇಲ್ಗಡೆ ಹಿಂಗೇ ಮುಚ್ಚಳ ಇತ್ತು. ತುಮಕೂರಿಂದ ಐಸ್ ತರಿಸಿ ಮೇಲಿಂದ ಹಾಕಿಸ್ದೆ. ಮೀನು ಉಳೀತು.”

ಗುಬ್ಬಿಯಿಂದಾಚೆಯ ಒಂದು ಸಣ್ಣ ನಿಲ್ದಾಣ ಅದು, ಹೆಸರು ಬೇಡ. ಹಾಸನ–ಮಂಗಳೂರು ಮೀಟರ್ ಗೇಜು ದಾರಿ 1979ರಲ್ಲಿ ತೆರೆದಿತ್ತಾದ್ದರಿಂದ ಕರಾವಳಿಯ ಮೀನು ಅರಸೀಕೆರೆಯ ಮೇಲೆ ಹಾದು ಬೆಂಗಳೂರಿಗೆ ಹೋಗುವುದು ಅಸಂಭವವೇನಲ್ಲ. ನಾನಾಗ ಅಂಬೆಗಾಲಿಡುತ್ತಿದ್ದೆ. ಅಡಿಕೆ, ಕೊಬ್ಬರಿಗಳ ನಮ್ಮ ಬಯಲುಸೀಮೆಯ ಸೈಡಿಂಗಿನಲ್ಲಿ ಮಂಜುಗಡ್ಡೆಯ ವ್ಯಾಗನ್ನು! ನನಗೆ ರಾತ್ರಿ ನಿದ್ರೆ ಬರಲಿಲ್ಲ. ಅದನ್ನು ಕಟ್ಟಲೇಬೇಕೆಂದು ನಿಶ್ಚಯಿಸಿದೆ.

ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಎರಡು ಬಾರಿ ಹೋಗಿಬಂದೆ. ಮಹಾರಾಣಿಯವರ ಸಲೂನನ್ನು ನೋಡಲು ಜನ ಮುತ್ತುತ್ತಿದ್ದರೆ ನಾನು ಗಾಲಿಗಳ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಅಚ್ಚಿನ ಪೆಟ್ಟಿಗೆಯ ಚಿತ್ರ ಬರೆದುಕೊಳ್ಳುತ್ತಿದ್ದೆ. ಮೀಟರ್ ಗೇಜಿನ ಬಂಡಿಗೆ ನಡುವೆ ಒಂದೇ ಬಫರು, ಬ್ರಾಡ್ ಗೇಜಿನ ಹಳೆಯ ಬಂಡಿಗಳಂತೆ ಎರಡಲ್ಲ. ಇಂಥ ಸಣ್ಣ ಸಂಗತಿಗಳಲ್ಲೇ ಈ ಕೆಲಸದ ಪ್ರಾಣವಿರುವುದು. ತಿಪಟೂರಿನ ಹಾದಿಯಲ್ಲಿ, ಒಂದು ಗೋದಾಮಿನ ಹಿಂದೆ, ಗಾಲಿ ಕಳಚಿದ ಹಳೆಯ ಮುಚ್ಚು ವ್ಯಾಗನ್ನೊಂದು ತೆಂಗಿನ ಸಿಪ್ಪೆಯನ್ನು ತುಂಬಿಕೊಂಡು ನೆಲ ಹಿಡಿದಿತ್ತು. ಟೇಪು ಹಿಡಿದು ಅಳೆದೆ: ಉದ್ದ ಸುಮಾರು 20 ಅಡಿ, ಎಂದರೆ ನನ್ನ ಲೆಕ್ಕಕ್ಕೆ ಏಳು ಸೆಂಟಿಮೀಟರು. ಆದರೆ ಮಾಡಿನ ಮೇಲೆ ಮುಚ್ಚಳವುಳ್ಳ ಬಂಡಿ ಮಾತ್ರ ಎಲ್ಲಿಯೂ ಕಾಣಲಿಲ್ಲ, ಯಾವ ಛಾಯಾಚಿತ್ರದಲ್ಲೂ ಇರಲಿಲ್ಲ.

ಅದೇ ವಾರ ಕುಣಿಗಲಿನ ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ. ಆ ಶಾಸ್ತ್ರವನ್ನು ಕನ್ನಡದಲ್ಲಿ ನೆಲೆಗೊಳಿಸಿದ ಡಿ.ಎಲ್. ನರಸಿಂಹಾಚಾರ್ಯರು ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದವರು. ಅವರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾಯಿತು. ಲಿಪಿಕಾರನು ಇನ್ನೊಂದು ಓಲೆಯನ್ನು ಪಕ್ಕದಲ್ಲಿಟ್ಟುಕೊಂಡು ಬರೆದರೆ ಅದರ ಪಾಠ ಇದರೊಳಕ್ಕೆ ನುಸುಳುತ್ತದೆ, ಅಂಥ ಪ್ರತಿಯನ್ನು ಸ್ವತಂತ್ರ ಸಾಕ್ಷಿಯೆಂದು ಎಣಿಸಲಾಗದು, ಎಂದು ಹಲಗೆಯ ಮೇಲೆ ಬರೆಯುತ್ತಿದ್ದವನು ಅರ್ಧಕ್ಕೆ ನಿಂತೆ. ತಂದೆಯವರ ಕೈಗೆ ಅಮೆರಿಕದ ಓಲೆಯನ್ನು ಇತ್ತವನು ನಾನೇ ಅಲ್ಲವೇ! ಮುಚ್ಚಳವನ್ನು ತೋರಿಸಿದ ಮೇಲೆ ಮುಚ್ಚಳದ ಮಾತನ್ನು ಕೇಳಿದ್ದೆ. ಹುಡುಗರು ನನ್ನ ಬೆನ್ನನ್ನು ನೋಡುತ್ತ ಸುಮ್ಮನೆ ಕುಳಿತಿದ್ದರು.

ಆ ನಿಲ್ದಾಣದಲ್ಲಿ ಪೋರ್ಟರರಾಗಿದ್ದ ಹಿರಿಯರೊಬ್ಬರು ಇನ್ನೂ ಬದುಕಿದ್ದಾರೆಂದು ತಿಳಿದು ಒಂದು ಭಾನುವಾರ ಹುಡುಕಿಕೊಂಡು ಹೋದೆ. ಈ ಬಾರಿ ಏನನ್ನೂ ತೋರಿಸಲಿಲ್ಲ. ಮೀನಿನ ಗಾಡಿಯ ನೆನಪಿದೆಯೇ ಎಂದಷ್ಟೇ ಕೇಳಿದೆ.

“ಯಾಕಿಲ್ಲ ಮೇಷ್ಟ್ರೇ. ಕೆಂಪು ಗಾಡಿ, ಎಲ್ಲಾ ಗಾಡಿ ಇದ್ದಂಗೆ. ಒಳಗೆ ಕುಕ್ಕೇಲಿ ಮೀನು, ಮೇಲೆ ಐಸು. ಕೆಳಗೆ ನೀರು ತೊಟ್ಟಿಕ್ತಾನೇ ಇತ್ತು.”

“ಮಾಡಿನ ಮೇಲೆ ಮುಚ್ಚಳ ಇತ್ತಾ ತಾತ?”

“ಮಾಡಿಗೆಂಥ ಮುಚ್ಚಳ? ಬಾಗಿಲಿಗೆ ಸೀಲು ಇತ್ತು. ಒಡೆಯೋಕೆ ಮೇಲಿನಿಂದ ಅಪ್ಪಣೆ ಬರ್ಬೇಕು, ಬರ್ಲಿಲ್ಲ. ನಿಮ್ಮ ತಂದೆಯೋರು ತುಮಕೂರಿಂದ ಲಾರೀಲಿ ಐಸು ತರಿಸಿದ್ರು, ಕೈಯಿಂದ ದುಡ್ಡು ಹಾಕಿ. ಏನು ಮಾಡೋದು? ಪ್ಲಾಟ್‌ಫಾರಂ ಮೇಲೆ ಗೋಣಿತಾಟು ಹಾಸಿ ಇಟ್ವಿ. ಅಲ್ಲೇ ಕರಗಿ ಹೋಯ್ತು. ಹುಡುಗ್ರು ಚೂರು ಎತ್ಕೊಂಡು ಚೀಪ್ತಿದ್ರು. ಮೀನಿನ ಯಜಮಾನ ಬಂದು ನಿಮ್ಮ ತಂದೆಯೋರ ಕಾಲು ಹಿಡ್ಕೊಂಡ. ಪಾಪ, ಅವರಾದ್ರೂ ಏನು ಮಾಡ್ಯಾರು? ಸೀಲು ಮುಟ್ಟಿದ್ರೆ ನೌಕರಿ ಹೋಗ್ತಿತ್ತು. ಎರಡು ದಿನ ಊಟ ಮಾಡ್ಲಿಲ್ಲ ಅವರು.”

ಮನೆಗೆ ಬಂದು ಮೇಜಿನ ಮುಂದೆ ಕುಳಿತೆ. ವ್ಯಾಗನ್ನಿನ ಗೋಡೆಗಳು ಸಿದ್ಧವಾಗಿದ್ದುವು, ಮಾಡೊಂದು ಉಳಿದಿತ್ತು. ಪ್ರಕ್ಷಿಪ್ತ ಪದ್ಯವನ್ನು ಗುರುತಿಸಿ ತೆಗೆದಿಡುವುದನ್ನು ನನಗೆ ಗುರುಗಳು ಕಲಿಸಿದ್ದಾರೆ. ಪ್ರಕ್ಷೇಪ ಮಾಡಿದವನು ನಮ್ಮ ತಂದೆಯೇ ಆಗಿ, ಜಗುಲಿಯ ಮೇಲೆ ಕಾಯುತ್ತ ಕುಳಿತಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ನಲವತ್ತು ವರ್ಷ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ ಮನುಷ್ಯನಿಗೆ ನನ್ನ ಆಟಿಕೆ ಮಾಡಿನ ಮೇಲೊಂದು ದಾರಿಯನ್ನು ತೋರಿಸಿತ್ತು. ಅದನ್ನು ಕಿತ್ತುಕೊಳ್ಳುವ ಅಧಿಕಾರ ನನಗಿದೆಯೆ? ಕೊನೆಗೆ ಹೇಡಿಯಂತೆ ಎರಡು ಮಾಡುಗಳನ್ನು ಮಾಡಿದೆ: ಒಂದು ಮುಚ್ಚಳವುಳ್ಳದ್ದು, ಒಂದು ಬೋಳು. ಯಾವುದನ್ನು ಬೇಕಾದರೂ ಕೂಡಿಸಬಹುದು, ಕಳಚಬಹುದು. ಗೋಡೆಗೆ ಕಾವಿಗೆಂಪು ಬಳಿದು, ಅಡಿಯಲ್ಲಿ ನೀರು ಸೋರಿದ ಕಲೆಯನ್ನು ತೆಳುವಾಗಿ ಬಿಡಿಸಿದೆ.

ಗುಬ್ಬಿಯ ಬಸ್ಸಿನಲ್ಲಿ ಎರಡು ಮಾಡುಗಳೂ ನನ್ನ ಜೇಬಿನಲ್ಲಿದ್ದುವು. ಮನೆಯ ಮೆಟ್ಟಲ ಬಳಿ ನಿಂತು ಬೋಳು ಮಾಡನ್ನು ಕೂಡಿಸಿದೆ. ಏಕೆಂದು ಆಗಲೂ ಹೇಳಲಾರೆನಾಗಿದ್ದೆ, ಅಭ್ಯಾಸಬಲ ಇದ್ದೀತು.

ತಂದೆಯವರು ಅದನ್ನು ಕನ್ನಡಕದ ಹತ್ತಿರ ಹಿಡಿದು ನಾಲ್ಕೂ ಮಗ್ಗುಲು ತಿರುಗಿಸಿದರು. ಬೆರಳ ತುದಿಯನ್ನು ಮಾಡಿನ ಮೇಲೆ ಈ ಕಡೆಯಿಂದ ಆ ಕಡೆಗೆ ಆಡಿಸಿದರು.

“ಮುಚ್ಚಳ ಇಟ್ಟಿಲ್ಲ.”

“ಇಲ್ಲ ಅಪ್ಪ.”

ಒಳಗೆ ತಾಯಿಯವರು ಕಾಫಿಗೆ ಹಾಲು ಕಾಯಿಸುತ್ತಿದ್ದ ಸದ್ದು ಕೇಳುತ್ತಿತ್ತು.

“ಹೂಂ. ಇರ್ಲಿಲ್ಲ,” ಎಂದರು. ಆಮೇಲೆ ವ್ಯಾಗನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದು, “ಬಾಗಿಲ ಕೊಂಡೀಲಿ ಸೀಲು ಇರ್ಬೇಕಲ್ಲೋ. ಸೀಸದ್ದು. ಎಡಗಡೆ. ಅದನ್ನ ಮರ್ತಿದೀಯ.”

ಅಂದು ರಾತ್ರಿ ಬೆಸುಗೆಯ ಸೀಸದಿಂದ ಗಸಗಸೆಗಿಂತ ಸಣ್ಣದೊಂದು ಚೂರನ್ನು ಕತ್ತರಿಸಿ ಕೊಂಡಿಯ ಎಡಕ್ಕೆ ಅಂಟಿಸಿದೆ. ಪ್ರಮಾಣದ ಲೆಕ್ಕಕ್ಕೆ ಅದೂ ದೊಡ್ಡದೇ ಆಯಿತು.